ಸೋಸಿದ ನೀರು, ಕೊಂಡುತಂದ ಲೈಸೆನ್ಸು

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮಾರ್ಗವಾಗಿ ಮಡಿಕೇರಿಯತ್ತ ಸಾಗುವ 275ನೆಯ ರಾಷ್ಟ್ರೀಯ ಹೆದ್ದಾರಿಯು ಕಾವೇರಿಯ ಸೇತುವೆಯನ್ನು ಮುಟ್ಟುವುದಕ್ಕೆ ಮುನ್ನ ಕೊಪ್ಪ ಎಂಬ ಊರನ್ನು ಹಾದುಹೋಗುತ್ತದೆ. ಸೇತುವೆಯ ಆಚೆ ಕುಶಾಲನಗರ. ಅಲ್ಲಿಗೆ ಜಿಲ್ಲೆ ಬೇರೆ, ವಾಹನಗಳ ನೋಂದಣಿ ಸಂಖ್ಯೆಯೂ ಬೇರೆ. ಈಚೆ ಬದಿಯಲ್ಲಿ ಬೈಲುಕುಪ್ಪೆಯ ಟಿಬೆಟನ್ನರ ವಸತಿ. ಬೆಳಗಿನ ಹೊತ್ತು ಈ ರಸ್ತೆಯ ಅಂಚಿನಲ್ಲಿ ಅರ್ಧ ಗಂಟೆ ನಿಂತವನಿಗೆ ಒಂದು ಪ್ರಪಂಚವೇ ಕಾಣುತ್ತದೆ. ಶುಂಠಿಯ ಮೂಟೆಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು, ಹೊಗೆಸೊಪ್ಪಿನ ಹೊರೆ ಹೊತ್ತ ಟೆಂಪೋಗಳು, ಸರ್ಕಾರಿ ಬಸ್ಸುಗಳು, ಕೊಡಗು ನೋಡಲು ಹೊರಟ ಬೆಂಗಳೂರಿನ ಕಾರುಗಳು, ರಸ್ತೆ ದಾಟಲು ಕಾದು ನಿಂತ ಕೆಂಪು ವಸ್ತ್ರದ ಭಿಕ್ಷುಗಳು, ಯಾರ ಅಪ್ಪಣೆಗೂ ಕಾಯದ ದನಗಳು. ಇವೆಲ್ಲವುಗಳ ನಡುವೆ, ಸಮವಸ್ತ್ರ ಧರಿಸಿ, ಪುಸ್ತಕದ ಚೀಲವನ್ನು ಬೆನ್ನಿಗೇರಿಸಿ, ಒಂದೇ ಸ್ಕೂಟರಿನಲ್ಲಿ ಮೂವರಂತೆ ಕಾಲೇಜಿಗೆ ಹೊರಟ ಹುಡುಗರು. ಅವರಿಗೆ ಹದಿನೆಂಟು ತುಂಬಿಲ್ಲವೆಂದು ತಿಳಿಯಲು ಜನನ ಪ್ರಮಾಣಪತ್ರ ಬೇಕಿಲ್ಲ. ಮೀಸೆ ಮೂಡದ ಮುಖವೇ ಸಾಕು.

ಈ ದೃಶ್ಯ ಕೊಪ್ಪಕ್ಕೆ ಮಾತ್ರ ಸೀಮಿತವಲ್ಲ. ಹುಣಸೂರಿನಲ್ಲಿಯೂ ಕೃಷ್ಣರಾಜನಗರದಲ್ಲಿಯೂ ಹೆಗ್ಗಡದೇವನಕೋಟೆಯಲ್ಲಿಯೂ ಇದೇ ಇದೆ. ಆ ಹುಡುಗರು ಯಾವ ಮನೆಯವರೆಂದು ವಿಚಾರಿಸುವ ಅಗತ್ಯವೂ ಇಲ್ಲ. ಎಲ್ಲ ಮನೆಗಳವರೂ ಇದ್ದಾರೆ. ಶ್ರಾವಕರ ಮನೆಗಳು ಇದಕ್ಕೆ ಹೊರತಲ್ಲ. ವಿಚಾರಿಸಬೇಕಾದದ್ದು ಆ ಒಂದು ಸಂಗತಿಯನ್ನೇ.

ಶ್ರಾವಕರ ಮನೆಯಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ಸೋಸಿದ ಬಟ್ಟೆಯನ್ನು ಹಾಗೆಯೇ ಒಣಗಹಾಕದೆ, ಅದರಲ್ಲಿ ಉಳಿದ ಜೀವಿಗಳು ಮರಳಿ ನೀರು ಸೇರುವಂತೆ ಜಾಗರೂಕತೆಯಿಂದ ತೊಳೆಯುವ ಅಜ್ಜಿಯರು ಇನ್ನೂ ಇದ್ದಾರೆ. ಸೂರ್ಯಾಸ್ತದ ನಂತರ ಒಲೆಯ ಮುಂದೆ ಕುಳಿತುಕೊಳ್ಳದ ಮನೆಗಳಿವೆ. ಕಾಳು ಆರಿಸುವಾಗ ಕಂಡ ಹುಳುವನ್ನು ಮೊರದಿಂದೆತ್ತಿ ನೆರಳಿನಲ್ಲಿ ಬಿಡುವ ಕೈಗಳಿವೆ. ಇಂತಹ ಮನೆಯ ಯಜಮಾನನು ಮಗನಿಗೆ ಹದಿನೆಂಟು ತುಂಬುತ್ತಲೇ ಪರಿಚಯದ ದಲ್ಲಾಳಿಯನ್ನು ಕರೆಸಿ, ಹಣವನ್ನೆಣಿಸಿ, "ಇವನು ಅಲ್ಲಿಗೆ ಬಂದು ಒಂದು ಫೋಟೋ ಕೊಡುತ್ತಾನೆ, ಮಿಕ್ಕದ್ದನ್ನು ನೀವು ನೋಡಿಕೊಳ್ಳಿ" ಎನ್ನುತ್ತಾನೆ. ಮಿಕ್ಕದ್ದು ಎಂದರೆ ಯಾವುದು? ರಸ್ತೆಯ ನಿಯಮಗಳನ್ನು ಬಲ್ಲನೇ ಎಂಬ ಪರೀಕ್ಷೆ. ವಾಹನವನ್ನು ಹಿಡಿತದಲ್ಲಿಡಬಲ್ಲನೇ ಎಂಬ ಪರೀಕ್ಷೆ. ಕಣ್ಣು ಕಿವಿಗಳು ಸರಿಯಿವೆಯೇ ಎಂಬ ಪ್ರಶ್ನೆ. ಮನುಷ್ಯರ ಜೀವ ಉಳಿಸುವ ಭಾಗವಷ್ಟನ್ನೂ ಮಿಕ್ಕದ್ದು ಎಂದು ತಳ್ಳಿ, ಫೋಟೋ ಒಂದನ್ನು ಮುಖ್ಯವೆಂದು ಉಳಿಸಿಕೊಂಡದ್ದು ಎಂತಹ ವಿವೇಕ?

ಆಕ್ಷೇಪಿಸುವವರು ಇದ್ದಾರೆ. ಲೈಸೆನ್ಸು ಸರ್ಕಾರದ ಕಾಗದ, ವ್ರತ ಆತ್ಮದ ವಿಷಯ, ಎರಡನ್ನೂ ಬೆರೆಸುವುದು ಸಲ್ಲದು ಎಂದು ಅವರ ವಾದ. ಈ ವಾದ ಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಗೆ ಲಕ್ಷಣ ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅದಕ್ಕೆ ಮೂಲವಾದ ಪ್ರಮಾದವನ್ನು ಮೊದಲು ಹೇಳಿದರು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ಇನ್ನಷ್ಟು ಬಿಡಿಸಿದರು. ಎಚ್ಚರದಿಂದ ನಡೆಯುವವನ ಕಾಲಿನಡಿ ತಿಳಿಯದೆ ಒಂದು ಜೀವ ಅಳಿದರೂ ಅವನು ಹಿಂಸಕನಲ್ಲ. ಎಚ್ಚರ ತಪ್ಪಿ ನಡೆದವನಿಗೆ ಯಾವ ಜೀವವೂ ಅಳಿಯದಿದ್ದರೂ ದೋಷ ತಪ್ಪಿದ್ದಲ್ಲ ಎಂಬುದು ಅವರ ವಿವೇಚನೆಯ ಸಾರ. ಇದನ್ನು ಕೊಪ್ಪದ ರಸ್ತೆಗೆ ತಂದು ನೋಡಬೇಕು. ನಿಯಮ ಕಲಿಯದೆ, ಪರೀಕ್ಷೆಗೆ ನಿಲ್ಲದೆ, ಕೊಂಡ ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡು ಹೊರಟವನು ಸೇತುವೆಯನ್ನು ಸುಖವಾಗಿ ದಾಟಿ, ಯಾರಿಗೂ ತಾಗಿಸದೆ ಮನೆಗೆ ಮರಳಿದನೆಂದಿಟ್ಟುಕೊಳ್ಳಿ. ಲೋಕದ ಲೆಕ್ಕದಲ್ಲಿ ಏನೂ ಆಗಿಲ್ಲ. ಅಮೃತಚಂದ್ರರ ಲೆಕ್ಕದಲ್ಲಿ ಆಗಬೇಕಾದದ್ದೆಲ್ಲ ಅವನು ಹೊರಟಾಗಲೇ ಆಗಿಹೋಗಿದೆ.

ಇನ್ನೊಂದು ಆಕ್ಷೇಪವಿದೆ. ವಾಹನ ಓಡಿಸಿದರೆ ಹೇಗೂ ಕ್ರಿಮಿಕೀಟಗಳು ಸಾಯುತ್ತವೆ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ತಪ್ಪವು. ಅಷ್ಟು ಸೂಕ್ಷ್ಮವಾಗಿ ನೋಡಿದರೆ ವಾಹನವನ್ನೇ ಮಾರಬೇಕಾದೀತು ಎಂದು. ಗೃಹಸ್ಥನಿಗೆ ಆ ಸಡಿಲಿಕೆ ಇರುವುದು ನಿಜ. ಆದರೆ ಅದು ಯತ್ನಾಚಾರಕ್ಕೆ ಕಟ್ಟುಬಿದ್ದ ಸಡಿಲಿಕೆ. ಬೇಸಾಯ ಮಾಡುವವನಿಗೆ ನೇಗಿಲು ಹಿಡಿಯುವ ಅನುಮತಿ ಇದೆಯೆಂದರೆ ಕಣ್ಣು ಮುಚ್ಚಿ ಉಳುವ ಅನುಮತಿ ಇದೆಯೆಂದಲ್ಲ. ವಾಹನ ಚಾಲನೆಯಲ್ಲಿ ಯತ್ನಾಚಾರ ಎಂಬುದಕ್ಕೆ ಬೇರೆ ಅರ್ಥವಿಲ್ಲ: ನಿಯಮಗಳನ್ನು ಕಲಿಯುವುದು, ಕೈಕಾಲುಗಳನ್ನು ಪಳಗಿಸುವುದು, ಮತ್ತೊಬ್ಬನ ಮುಂದೆ ಅದನ್ನು ತೋರಿಸಿ ಒಪ್ಪಿಗೆ ಪಡೆಯುವುದು.

ಕಾನೂನು ಕೇಳುವುದಾದರೂ ಏನನ್ನು? 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ದಲ್ಲಾಳಿಗೆ ಬಿಟ್ಟುಕೊಟ್ಟವರು ಅವುಗಳಲ್ಲಿ ಏನಿದೆಯೆಂದು ಒಮ್ಮೆಯೂ ನೋಡಿರುವುದಿಲ್ಲ. ಕೊಪ್ಪದವನು ಸುಮಾರು 40 ಕಿಲೋಮೀಟರು ದೂರದ ಹುಣಸೂರಿನ ಸಾರಿಗೆ ಕಚೇರಿಗೆ ಹೋಗುವ ಮೊದಲೇ ಪಡೆಯಬೇಕಾದದ್ದು ಕಲಿಕಾ ಲೈಸೆನ್ಸು, ಜನ ಎಲ್ಎಲ್ಆರ್ ಎಂದು ಕರೆಯುವುದು. ಅದಕ್ಕೊಂದು ಜ್ಞಾನಪರೀಕ್ಷೆ ಇದೆ. ಸಂಚಾರದ ಚಿಹ್ನೆಗಳು ಮತ್ತು ರಸ್ತೆಯ ನಿಯಮಗಳು, ಅಪಘಾತದಲ್ಲಿ ಯಾರಾದರೂ ಸತ್ತಾಗ ಅಥವಾ ಗಾಯಗೊಂಡಾಗ ಚಾಲಕನ ಕರ್ತವ್ಯಗಳು, ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ವಹಿಸಬೇಕಾದ ಎಚ್ಚರ, ಜೊತೆಯಲ್ಲಿರಬೇಕಾದ ದಾಖಲೆಗಳು. ಇಷ್ಟರಲ್ಲಿ ನೂರಕ್ಕೆ 60ರಷ್ಟು ಸರಿ ಉತ್ತರ ಕೊಟ್ಟರೆ ಸಾಕು. ಕೊಪ್ಪದಲ್ಲಿ ರೈಲಿಲ್ಲ, ನಿಜ; ಆದರೆ ಕೊಪ್ಪದವನು ಕೊಪ್ಪದಲ್ಲಿಯೇ ಓಡಿಸುತ್ತಾನೆಂದು ಯಾರು ಹೇಳಿದರು? 2021ರಿಂದ ಆಧಾರ್ ಆಧರಿಸಿ ಈ ಪರೀಕ್ಷೆಯನ್ನು ಮನೆಯಲ್ಲಿಯೇ ಕುಳಿತು ಬರೆಯುವ ಏರ್ಪಾಡೂ ಬಂದಿದೆ. ಅನುಕೂಲ ಹೆಚ್ಚಿದಷ್ಟೂ ಪ್ರಲೋಭನೆಯೂ ಹೆಚ್ಚಿತು. ತಂಗಿಯ ಪರೀಕ್ಷೆಗೆ ಪಕ್ಕದಲ್ಲಿ ಕುಳಿತ ಅಣ್ಣ ಉತ್ತರ ಹೇಳಿಕೊಡುವುದು ಸಹಾಯವೆಂದೇ ಎಣಿಕೆಯಾಗಿದೆ.

ಕಲಿಕಾ ಲೈಸೆನ್ಸಿಗೆ ಆರು ತಿಂಗಳ ಆಯುಷ್ಯ. ಅದು ದೊರೆತ 30 ದಿನಗಳೊಳಗೆ ಪೂರ್ಣ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಈ ಮೂವತ್ತು ದಿನಗಳನ್ನು ಜನ ಕಚೇರಿಯ ವಿಳಂಬವೆಂದು ಬಗೆದಿದ್ದಾರೆ. ಅದು ಅಭ್ಯಾಸಕ್ಕೆ ಬಿಟ್ಟ ಕಾಲ. ಆ ಅವಧಿಯಲ್ಲಿ ಪಕ್ಕದಲ್ಲಿ ಲೈಸೆನ್ಸುಳ್ಳವನೊಬ್ಬನು, ಬೇಕಾದಾಗ ವಾಹನವನ್ನು ನಿಲ್ಲಿಸಬಲ್ಲ ಸ್ಥಿತಿಯಲ್ಲಿ ಕುಳಿತಿರಬೇಕು. ವಾಹನದ ಹಿಂದೆ ಮುಂದೆ 18 ಸೆಂಟಿಮೀಟರು ಚೌಕದ ಬಿಳಿಯ ಹಲಗೆಯ ಮೇಲೆ ಕೆಂಪು ಬಣ್ಣದ 'ಎಲ್' ಅಕ್ಷರ, 10 ಸೆಂಟಿಮೀಟರು ಎತ್ತರದ್ದು, ಕಾಣುವಂತಿರಬೇಕು. ದ್ವಿಚಕ್ರ ಕಲಿಯುವವನು ಹಿಂದೆ ಕಲಿಸುವವನನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸಿಕೊಳ್ಳಬಾರದು. ಈ ಅಕ್ಷರವನ್ನು ಅಂಟಿಸಲು ನಾಚುವ ಯುವಕರು ಬಹಳ. ಕಲಿಯುತ್ತಿದ್ದೇನೆಂದು ಹೇಳಿಕೊಳ್ಳುವುದರಲ್ಲಿ ನಾಚಿಕೆ ಏಕೆ ಬಂತೋ ತಿಳಿಯದು. ಪಾಠಶಾಲೆಗೆ ಹೋಗುವ ಮಗು ಸ್ಲೇಟನ್ನು ಬಚ್ಚಿಟ್ಟುಕೊಂಡು ಹೋಗುವುದಿಲ್ಲ.

ಆಮೇಲೆ ಚಾಲನೆಯ ಪರೀಕ್ಷೆ. ಹಳಬರು ಇಂದಿಗೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಅಧಿಕಾರಿಯ ಮುಂದೆ ದ್ವಿಚಕ್ರದವರು ಎಂಟು ಹಾಕಿ ತೋರಿಸಬೇಕು; ಕಾರಿನವರು ಹಿಂದಕ್ಕೆ ತೆಗೆದು, ತಿರುಗಿಸಿ, ನಿಲ್ಲಿಸಿ ತೋರಿಸಬೇಕು. ಕೇಂದ್ರ ನಿಯಮದ ಪಟ್ಟಿಯಂತೆ ಒಂದು ವರ್ಗದ ವಾಹನಕ್ಕೆ ಕಲಿಕಾ ಲೈಸೆನ್ಸಿಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸು ನೀಡಲು 200 ರೂಪಾಯಿ. ಎಲ್ಲ ಕೂಡಿ 700. ಇದರ ಹಲವು ಪಟ್ಟು ತೆತ್ತು ಲೈಸೆನ್ಸು ತಂದವರು ಹೆಚ್ಚಿನ ಹಣವನ್ನು ಯಾವುದಕ್ಕೆ ಕೊಟ್ಟರೆಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಅರ್ಜಿ ತುಂಬಿಸಿದ್ದಕ್ಕೆ ಕೊಟ್ಟರೆ ಅದು ಕೂಲಿ, ಅದರಲ್ಲಿ ದೋಷವಿಲ್ಲ. ಅಕ್ಷರ ಬಾರದ ರೈತನಿಗೆ ಅರ್ಜಿ ತುಂಬಿಕೊಟ್ಟವನು ಉಪಕಾರವನ್ನೇ ಮಾಡಿದ್ದಾನೆ. ಪರೀಕ್ಷೆಯನ್ನು ಇಲ್ಲದಂತೆ ಮಾಡಿದ್ದಕ್ಕೆ ಕೊಟ್ಟರೆ, ಅದು ಬೇರೆಯೇ ವ್ಯಾಪಾರ.

ಈ ವ್ಯಾಪಾರದ ಪ್ರಮಾಣವನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಿದವರಿದ್ದಾರೆ. 2004ರ ಕೊನೆಯಿಂದ 2005ರ ಆರಂಭದವರೆಗೆ ದೆಹಲಿಯಲ್ಲಿ ಮರಿಯಾನ್ ಬರ್ಟ್ರಾಂಡ್, ಸಿಮಿಯನ್ ಜಾಂಕೋವ್, ರೆಮಾ ಹನ್ನಾ, ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಲೈಸೆನ್ಸು ಬಯಸಿದ 822 ಮಂದಿಯನ್ನು ಹಿಂಬಾಲಿಸಿ ಅಧ್ಯಯನ ನಡೆಸಿ, 2007ರಲ್ಲಿ ಪ್ರಕಟಿಸಿದರು. ಲೈಸೆನ್ಸು ಪಡೆದವರಲ್ಲಿ ನೂರಕ್ಕೆ ಸುಮಾರು 71 ಮಂದಿ ಪರೀಕ್ಷೆಯನ್ನೇ ಎದುರಿಸಿರಲಿಲ್ಲ. ಲೈಸೆನ್ಸು ಕೈಗೆ ಬಂದ ಮೇಲೆ ಅಧ್ಯಯನಕಾರರು ತಾವೇ ಚಾಲನೆಯ ಪರೀಕ್ಷೆ ಮಾಡಿಸಿದಾಗ ನೂರಕ್ಕೆ 62 ಮಂದಿ ಅನರ್ಹರೆಂದು ತೋರಿತು. ಎರಡು ದಶಕದ ಹಿಂದಿನ ದೆಹಲಿಯ ಲೆಕ್ಕ ಇಂದಿನ ಮೈಸೂರು ಜಿಲ್ಲೆಗೆ ಹಾಗೆಯೇ ಹೊಂದಬೇಕೆಂದಿಲ್ಲ. ಯಾವುದೇ ಒಂದು ಕಚೇರಿಯತ್ತ ಬೆರಳು ತೋರುವುದೂ ಇಲ್ಲಿ ಉದ್ದೇಶವಲ್ಲ. ಮಾರುವವನ ದೋಷವನ್ನು ವಿಚಾರಿಸಲು ಲೋಕಾಯುಕ್ತವಿದೆ. ಕೊಳ್ಳುವವನ ದೋಷವನ್ನು ವಿಚಾರಿಸುವವರು ಯಾರು? ಪ್ರತಿ ಮನೆಯೂ ತನ್ನಲ್ಲಿರುವ ಲೈಸೆನ್ಸುಗಳು ಬಂದ ಬಗೆಯನ್ನು ತಾನೇ ಬಲ್ಲದು.

ಪರೀಕ್ಷೆಗೆ ನೇರವಾಗಿ ಹೋದರೆ ಫೇಲು ಮಾಡುತ್ತಾರೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಒಮ್ಮೊಮ್ಮೆ ಅದು ನಿಜವೂ ಇರಬಹುದು. ಆದರೆ ಫೇಲಾದವನು ಏಳು ದಿನಗಳ ನಂತರ ಮತ್ತೆ ಬರಬಹುದೆಂದು ಕಾಯ್ದೆಯೇ ಹೇಳುತ್ತದೆ. ಅಷ್ಟಾಹ್ನಿಕ ಪರ್ವದಲ್ಲಿ ಎಂಟು ದಿನ ಉಪವಾಸವನ್ನು ಸಹಿಸುವವರಿಗೆ ಏಳು ದಿನ ಎಂಟು ಹಾಕುವುದನ್ನು ಅಭ್ಯಾಸ ಮಾಡಲು ಸಹನೆ ಸಾಲದೆ ಹೋದೀತೆ? ಇಷ್ಟಾಗಿ, ಫೇಲಾದವರಲ್ಲಿ ಎಷ್ಟು ಮಂದಿ ನಿಜವಾಗಿ ಕಲಿತು ಹೋಗಿದ್ದರು? ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಿಗಾಗಿ 2021ರಲ್ಲಿ ಬಂದ ನಿಯಮಗಳು ಲಘು ವಾಹನಕ್ಕೆ ಗರಿಷ್ಠ ನಾಲ್ಕು ವಾರಗಳಲ್ಲಿ 29 ಗಂಟೆಗಳ ಶಿಕ್ಷಣವನ್ನು ವಿಧಿಸಿವೆ: 8 ಗಂಟೆ ಪಾಠ, 21 ಗಂಟೆ ಚಾಲನೆ. ದಿನಕ್ಕೆ ಅರ್ಧ ಗಂಟೆಯಂತೆ ಹದಿನೈದು ದಿನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕುಳಿತು ಬಂದವನಿಗೆ ದೊರೆತದ್ದು ಏಳೂವರೆ ಗಂಟೆ. ಪಾಠವಂತೂ ಸೊನ್ನೆ.

ಅರ್ಜಿಯೊಂದಿಗೆ ಸಲ್ಲಿಸುವ ನಮೂನೆ 1 ಎಂಬ ಘೋಷಣೆಯ ಮಾತನ್ನು ಇಲ್ಲಿ ಬಿಡುವಂತಿಲ್ಲ. ಮೂರ್ಛೆರೋಗವಿದೆಯೇ? ಇರುಳುಗುರುಡು ಇದೆಯೇ? ಕೆಂಪು ಹಸಿರು ಬಣ್ಣಗಳನ್ನು ಬೇರ್ಪಡಿಸಿ ಗುರುತಿಸಬಲ್ಲಿರಾ? ಹಗಲಿನ ಬೆಳಕಿನಲ್ಲಿ 25 ಮೀಟರು ದೂರದ ಕಾರಿನ ನಂಬರ್ ಪ್ಲೇಟನ್ನು ಪ್ರತಿಯೊಂದು ಕಣ್ಣಿನಿಂದಲೂ ಓದಬಲ್ಲಿರಾ? ಅರ್ಜಿದಾರನು ತಾನೇ ಉತ್ತರಿಸಿ, ಸತ್ಯವೆಂದು ಸಹಿ ಮಾಡಬೇಕಾದ ಪ್ರಶ್ನೆಗಳಿವು. ದಲ್ಲಾಳಿ ಗೀಟು ಎಳೆದು ತಂದ ಕಾಗದದ ಮೇಲೆ ಓದದೆ ಸಹಿ ಹಾಕುವುದೇ ರೂಢಿಯಾಗಿದೆ. 40 ವರ್ಷ ದಾಟಿದವರಿಗೆ ವೈದ್ಯರ ಪ್ರಮಾಣಪತ್ರ ಬೇಕು. ಅದನ್ನು ಪರಿಚಯದ ವೈದ್ಯರಿಂದ ಮುಖ ತೋರಿಸದೆ ಬರೆಸಿಕೊಂಡು ಬರುವವರಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದು ಇದೆ, ಸುಳ್ಳು ಬರಹವನ್ನು ಸೃಷ್ಟಿಸುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೊಂದು ಇದೆ, ರಾಜ್ಯದ ಕಟ್ಟಳೆಯನ್ನು ಮೀರುವುದು. ಪರ್ಯೂಷಣ, ದಶಲಕ್ಷಣದ ದಿನಗಳಲ್ಲಿ ಈ ಹೆಸರುಗಳನ್ನು ಸಾಲಾಗಿ ಕೇಳಿ ತಲೆದೂಗುವವರು ಅವು ಯಾವುದೋ ಪ್ರಾಚೀನ ಕಾಲದ ವರ್ತಕರಿಗೆ ಹೇಳಿದ ಮಾತೆಂದು ತಿಳಿದಂತಿದೆ.

ಪ್ರಶ್ನೆಯೊಳಗಿನ ಆ 25 ಮೀಟರಿಗೆ ಅರ್ಥವಿದೆ. ಮುನಿಗಳು ಈರ್ಯಾಸಮಿತಿಯನ್ನು ಪಾಲಿಸುತ್ತ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ನಡೆಯುತ್ತಾರೆ. ಕಾಲ್ನಡಿಗೆಯ ವೇಗಕ್ಕೆ ಅಷ್ಟು ಸಾಕು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ವಾಹನ ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಮಿಗಿಲಾಗಿ ಸಾಗುತ್ತದೆ; 25 ಮೀಟರು ಕಳೆಯಲು ಒಂದೂವರೆ ಸೆಕೆಂಡು. ಚಾಲಕನ ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಅದರ ಬಹುಭಾಗ ಮುಗಿದಿರುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವಿಗಳು ಹೆಚ್ಚುತ್ತವೆಂದು ಮುನಿಗಳು ನಡೆಯುವುದನ್ನೇ ನಿಲ್ಲಿಸಿ ಚಾತುರ್ಮಾಸಕ್ಕೆ ಕೂರುತ್ತಾರೆ. ಅದೇ ಮಳೆಯಲ್ಲಿ, ಬ್ರೇಕು ಹಿಡಿಯದ ಒದ್ದೆ ಡಾಂಬರಿನ ಮೇಲೆ, ಅವರ ದರ್ಶನಕ್ಕೆಂದು ಹೊರಟ ಕಾರುಗಳು ವೇಗವನ್ನು ಸ್ವಲ್ಪವಾದರೂ ತಗ್ಗಿಸುತ್ತವೆಯೇ?

ಇನ್ನು ಮಕ್ಕಳ ಕೈಗೆ ಬೀಗದ ಕೈ ಕೊಡುವ ವಿಚಾರ. ಕೊಪ್ಪದ ಆ ಮೂವರು ಹುಡುಗರತ್ತ ಮತ್ತೆ ಹೊರಳಬೇಕು, ಏಕೆಂದರೆ ಈ ಬರಹದಲ್ಲಿ ಅತ್ಯಂತ ಕಠಿಣವಾಗಿ ಹೇಳಬೇಕಾದ ಮಾತು ಅವರದಲ್ಲ, ಅವರ ಹಿರಿಯರದು. ಗೇರಿಲ್ಲದ ಸ್ಕೂಟರಾದರೆ ಹದಿನಾರಕ್ಕೇ ಓಡಿಸಬಹುದು ಎಂಬ ತಿಳಿವಳಿಕೆ ಮನೆ ಮನೆಗಳಲ್ಲಿ ಬೇರೂರಿದೆ. ಕಾಯ್ದೆಯ ನಾಲ್ಕನೆಯ ಕಲಮು ಹದಿನಾರರ ರಿಯಾಯಿತಿಯನ್ನು ಗೇರಿಗೆ ಕಟ್ಟಿಲ್ಲ, ಎಂಜಿನ್ನಿಗೆ ಕಟ್ಟಿದೆ. 50 ಸಿಸಿ ಮೀರದ ಎಂಜಿನ್ನಿರಬೇಕು. ಮನೆಗಳ ಮುಂದೆ ನಿಂತಿರುವ ಸ್ಕೂಟರುಗಳು 110, 125 ಸಿಸಿಯವು. ಅವುಗಳಿಗೆ ಹದಿನೆಂಟೇ ವಯಸ್ಸು. ಗಂಟೆಗೆ 25 ಕಿಲೋಮೀಟರು ಮೀರದ ಸಣ್ಣ ವಿದ್ಯುತ್ ಸ್ಕೂಟರಿಗೆ ಮಾತ್ರ ಲೈಸೆನ್ಸು ಬೇಡ. ಆದರೆ ವಿದ್ಯುತ್ತಿನದೆಂದ ಮಾತ್ರಕ್ಕೆ ಎಲ್ಲವೂ ಆ ವರ್ಗಕ್ಕೆ ಸೇರುವುದಿಲ್ಲ.

2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 199ಎ ಎಂಬ ಕಲಮು ಸೇರಿತು. ಅಪ್ರಾಪ್ತನು ವಾಹನ ಓಡಿಸಿ ತಪ್ಪು ಮಾಡಿದರೆ ಅವನ ಪೋಷಕನೋ ವಾಹನದ ಮಾಲೀಕನೋ ಅಪರಾಧಿ. ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ತನಗೆ ತಿಳಿಯದೆ ಒಯ್ದನೆಂದು ತಂದೆ ಹೇಳುವುದಾದರೆ ಅದನ್ನು ಸಾಬೀತುಪಡಿಸುವ ಹೊಣೆ ತಂದೆಯದೇ. ಕಾನೂನು ಕ್ರೂರವಾಯಿತೆಂದು ಕೆಲವರು ಗೊಣಗಿದರು. ಸಮಂತಭದ್ರ ಆಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಹಿಂಸಾದಾನವನ್ನು ಸೇರಿಸಿ ಶತಮಾನಗಳೇ ಕಳೆದಿವೆ. ಜೀವಹಾನಿ ಮಾಡಬಲ್ಲ ಉಪಕರಣವನ್ನು ಇನ್ನೊಬ್ಬನ ಕೈಗೆ ಕೊಡುವುದೇ ಹಿಂಸಾದಾನ. ಕತ್ತಿ, ಕೊಡಲಿ, ಬೆಂಕಿ, ವಿಷಗಳನ್ನು ನೆರೆಯವನಿಗೆ ಎರವಲು ಕೊಡಲು ಹಿಂಜರಿಯುತ್ತಿದ್ದ ಹಿರಿಯರ ಮೊಮ್ಮಕ್ಕಳು ಇಂದು ನೂರು ಕಿಲೋ ತೂಗುವ ಯಂತ್ರದ ಬೀಗದ ಕೈಯನ್ನು ಹದಿನಾರರ ಹುಡುಗನಿಗೆ ಕೊಟ್ಟು, ಹುಡುಗ ಚುರುಕಾಗಿದ್ದಾನೆಂದು ನೆಂಟರ ಮುಂದೆ ಹೆಮ್ಮೆಪಡುತ್ತಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಮೆಚ್ಚಿದ್ದು, ಮೂರಕ್ಕೂ ಬಂಧ ಒಂದೇ ಎಂದು ಬಾಲಬೋಧೆಯಲ್ಲೇ ಕಲಿತವರು ಇವರು.

ಕಾಲೇಜು ದೂರ, ಬಸ್ಸು ಸಿಗುವುದಿಲ್ಲ ಎಂಬ ಸಮಾಧಾನ ಕೊಪ್ಪದಲ್ಲಂತೂ ಒಪ್ಪತಕ್ಕದ್ದಲ್ಲ. ಮಡಿಕೇರಿಗೆ ಹೋಗುವ ಬಸ್ಸುಗಳೆಲ್ಲ ಅಲ್ಲಿಂದಲೇ ಹಾದುಹೋಗಬೇಕು, ಸೇತುವೆ ದಾಟಿದರೆ ಕುಶಾಲನಗರ. ಒಳಹಳ್ಳಿಗಳ ಕಷ್ಟ ಬೇರೆ. ಅಲ್ಲಿ ತಂದೆ ತಾನೇ ಬಿಟ್ಟುಬರಬೇಕಾದೀತು, ಬೇಗ ಎದ್ದು ಬಸ್ಸಿಗೆ ಕಳುಹಿಸಬೇಕಾದೀತು. ತೊಂದರೆಯೇ ಸರಿ. ಆದರೆ ಸೂರ್ಯಾಸ್ತಕ್ಕೆ ಮುನ್ನ ಅಂಗಡಿಯಿಂದ ಊಟಕ್ಕೆ ಬರುವುದೂ ತೊಂದರೆಯೇ, ಅದನ್ನು ಸಹಿಸಿಕೊಂಡು ಬಂದಿದ್ದಾರಲ್ಲ?

ಚಿಹ್ನೆಗಳನ್ನು ನೆನಪಿಡುವುದು ಕಷ್ಟವೆನ್ನುವವರಿಗೆ ಒಂದು ಮಾತು. ಪಾಠಶಾಲೆಯ ಎಂಟು ವರ್ಷದ ಮಗು ಇಪ್ಪತ್ನಾಲ್ಕು ತೀರ್ಥಂಕರರ ಲಾಂಛನಗಳನ್ನು ತಡೆಯಿಲ್ಲದೆ ಹೇಳುತ್ತದೆ. ಎತ್ತು ಎಂದರೆ ವೃಷಭನಾಥ, ಆನೆ ಎಂದರೆ ಅಜಿತನಾಥ, ಸರ್ಪವೆಂದರೆ ಪಾರ್ಶ್ವನಾಥ, ಸಿಂಹವೆಂದರೆ ಮಹಾವೀರ. ಬಿಂಬದ ಪೀಠದಲ್ಲಿ ಕೆತ್ತಿದ ಗುರುತೊಂದನ್ನು ಕಂಡು ಮೂರ್ತಿಯನ್ನು ಗುರುತಿಸುವ ಈ ಅಭ್ಯಾಸವಿರುವ ಸಮಾಜಕ್ಕೆ ರಸ್ತೆಯ ಲಾಂಛನಗಳು ಎಷ್ಟರವು? ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ ಹೇಳುತ್ತದೆ. ವೃತ್ತ ಆಜ್ಞೆ ಹೇಳುತ್ತದೆ, ಮಾಡಬೇಕಾದದ್ದು ಅಥವಾ ಮಾಡಬಾರದ್ದು. ಆಯತ ಮಾಹಿತಿ ಕೊಡುತ್ತದೆ. ಎಂಟು ಮೂಲೆಯ ಕೆಂಪು ಫಲಕವಿದ್ದಲ್ಲಿ ಪೂರ್ತಿ ನಿಲ್ಲಬೇಕು. ತಲೆಕೆಳಗಾದ ತ್ರಿಕೋನವಿದ್ದಲ್ಲಿ ಎದುರಿನವನಿಗೆ ದಾರಿ ಬಿಡಬೇಕು. ಕೆಂಪು ತ್ರಿಕೋನದೊಳಗೆ ದನದ ಚಿತ್ರವಿದ್ದರೆ ಮುಂದೆ ಜಾನುವಾರು ದಾಟುವ ಜಾಗವಿದೆಯೆಂದು ಅರ್ಥ. ಪಿಂಜರಾಪೋಲಿಗೆ ತಪ್ಪದೆ ದಾನ ಕೊಡುವ ಮನೆಯವನು ಆ ಫಲಕದ ಮುಂದೆ ವೇಗ ತಗ್ಗಿಸಲು ಅದರ ಅರ್ಥವನ್ನು ಬಲ್ಲವನಾಗಿರಬೇಕಲ್ಲವೇ? 2017ರ ಚಾಲನಾ ನಿಯಮಾವಳಿ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ವಿಷಯದಲ್ಲಿ ಚಾಲಕನು ವಿಶೇಷ ಎಚ್ಚರ ವಹಿಸಬೇಕೆಂದು ಹೇಳುತ್ತದೆ. ದುರ್ಬಲನಿಗೆ ಮೊದಲ ದಾರಿ ಎಂಬ ಈ ನಿಯಮವನ್ನು ಬರೆದವರು ಜೈನರಲ್ಲ. ಜೈನರು ಓದಿಯಾದರೂ ಇರಬೇಕಿತ್ತು.

ಓದದಿರುವುದರ ಬೆಲೆ ಸಣ್ಣದಲ್ಲ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ 32,000ಕ್ಕೂ ಹೆಚ್ಚು ಮಂದಿ ನಡೆದುಹೋಗುತ್ತಿದ್ದವರು. ಕರ್ನಾಟಕದ ಪಾಲು 11,000ಕ್ಕೂ ಹೆಚ್ಚು. ವಿಹಾರದಲ್ಲಿದ್ದ ಸಾಧು ಸಾಧ್ವಿಯರು ಹೆದ್ದಾರಿಯ ಅಂಚಿನಲ್ಲಿ ವಾಹನಕ್ಕೆ ಸಿಕ್ಕಿ ಪ್ರಾಣ ಬಿಟ್ಟ ಸುದ್ದಿಗಳು ಉತ್ತರದ ರಾಜ್ಯಗಳಿಂದ ಪದೇ ಪದೇ ಬಂದಿವೆ. ಇರುವೆಗೆ ನೋವಾಗದಿರಲೆಂದು ಬರಿಗಾಲಿನಲ್ಲಿ ನೆಲ ನೋಡಿ ನಡೆಯುವವರನ್ನು, ಮುಂದೆ ನೋಡದೆ ಬಂದವನೊಬ್ಬ ಒರೆಸಿಹಾಕಿ ಹೋಗುತ್ತಾನೆ. ಸಮಾಜ ಸಭೆ ಸೇರುತ್ತದೆ, ಮೌನ ಆಚರಿಸುತ್ತದೆ, ವಿಹಾರಪಥಕ್ಕಾಗಿ ಸರ್ಕಾರಕ್ಕೆ ಮನವಿ ಕೊಡುತ್ತದೆ. ಸಭೆ ಮುಗಿಸಿ ಕಾರು ಹತ್ತುವವರ ಲೈಸೆನ್ಸು ಹೇಗೆ ಬಂತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಎಲ್ಲಕ್ಕಿಂತ ಹೇಯವಾದ ಸಮಾಧಾನವೊಂದಿದೆ. ಅಪಘಾತವಾಗಿ ಯಾರೋ ಸತ್ತಾಗ, ಹಾಯಿಸಿದವನ ಕಡೆಯವರು "ಅವರ ಆಯುಷ್ಯಕರ್ಮ ತೀರಿತ್ತು, ಇವನು ನಿಮಿತ್ತ ಮಾತ್ರ" ಎನ್ನುತ್ತಾರೆ. ಕರ್ಮಸಿದ್ಧಾಂತ ದುಃಖಿಗೆ ಊರುಗೋಲಾಗಿ ಬಂದದ್ದು. ಅದನ್ನು ದೋಷಿಯ ಗುರಾಣಿಯಾಗಿ ಹಿಡಿಯುವುದು ಸಿದ್ಧಾಂತಕ್ಕೇ ಮಾಡಿದ ಅಪಚಾರ. ಸತ್ತವನ ಆಯುಷ್ಯವೇನೋ ತೀರಿತು. ಹಾಯಿಸಿದವನ ಪ್ರಮಾದ ಕಟ್ಟಿದ ಬಂಧ ಯಾರ ಲೆಕ್ಕಕ್ಕೆ? ಗಾಯಾಳುವನ್ನು ಕೂಡಲೇ ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು, ಪೊಲೀಸರಿಗೆ ತಿಳಿಸಬೇಕು ಎಂದು ಕಾಯ್ದೆಯ 134ನೆಯ ಕಲಮು ಹೇಳುತ್ತದೆ. ಕಲಿಕಾ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಪರೀಕ್ಷೆಯನ್ನೇ ಬರೆಯದವನಿಗೆ ಆ ಗಳಿಗೆಯಲ್ಲಿ ಹೊಳೆಯುವುದು ಓಡಿಹೋಗುವುದೊಂದೇ. ಮರುದಿನ ಬಸದಿಯಲ್ಲಿ ಶಾಂತಿವಿಧಾನ ಮಾಡಿಸುತ್ತಾರೆ. ರಸ್ತೆಯ ಮೇಲೆ ರಕ್ತ ಸುರಿಸಿಕೊಂಡು ಬಿದ್ದಿದ್ದವನಿಗೆ ಆ ವಿಧಾನದಿಂದ ಯಾವ ಶಾಂತಿ?

ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಹೊರಗಿನವರಲ್ಲ. ಹೊಸ ವಾಹನ ಬಂದಾಗ ಅದು ಮೊದಲು ನಿಲ್ಲುವುದು ಬಸದಿಯ ಮುಂದೆ. ಗಂಧ ಹಚ್ಚಿ, ಹೂಮಾಲೆ ಹಾಕಿ, ಕಾಣಿಕೆ ಪಡೆದು ಕಳುಹಿಸುವ ಆಡಳಿತ ಮಂಡಳಿ, ಓಡಿಸುವವರ ಲೈಸೆನ್ಸನ್ನು ಒಮ್ಮೆ ತೋರಿಸಿ ಎಂದು ಕೇಳಿದರೆ ಪೂಜೆಗೆ ಅಪಶಕುನವಾಗುವುದಿಲ್ಲ. ಭಾನುವಾರದ ಪಾಠಶಾಲೆಯಲ್ಲಿ ಹದಿನೇಳರ ಮಕ್ಕಳಿಗೆ ವರ್ಷಕ್ಕೆ ನಾಲ್ಕು ವಾರ ಸಂಚಾರ ನಿಯಮಗಳನ್ನು ಕಲಿಸಿದರೆ ಧರ್ಮಶಿಕ್ಷಣಕ್ಕೆ ಕುಂದಿಲ್ಲ. ಹದಿನೆಂಟು ತುಂಬಿದವರನ್ನು ನಾಲ್ಕೈದು ಜನರ ಗುಂಪಾಗಿ, ಹಿರಿಯರೊಬ್ಬರ ಜೊತೆಯಲ್ಲಿ, ದಲ್ಲಾಳಿಯಿಲ್ಲದೆ ಪರೀಕ್ಷೆಗೆ ಕಳುಹಿಸಿದರೆ, ಒಬ್ಬೊಬ್ಬನೇ ಹೋದಾಗ ಆಗುವ ಅಂಜಿಕೆಯೂ ಕಡಿಮೆ, ಕೈಚಾಚುವವರ ಧೈರ್ಯವೂ ಕಡಿಮೆ.

ಟ್ರಸ್ಟಿನದೇ ವಾಹನಗಳ ಮಾತು ಇನ್ನೂ ಗಂಭೀರ. ಲೈಸೆನ್ಸಿಲ್ಲದವನ ಕೈಗೆ ವಾಹನ ಕೊಟ್ಟ ಮಾಲೀಕನಿಗೆ ಕಾಯ್ದೆಯಲ್ಲಿ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆಯಿದೆ. ಅದಕ್ಕಿಂತ ದೊಡ್ಡದು ಪರಿಹಾರದ ಹೊಣೆ. ಚಾಲಕನಿಗೆ ಸರಿಯಾದ ಲೈಸೆನ್ಸಿಲ್ಲದಿದ್ದಾಗ ವಿಮಾ ಕಂಪನಿ ಮೊದಲು ಸಂತ್ರಸ್ತನಿಗೆ ಹಣ ಕೊಟ್ಟು, ನಂತರ ಮಾಲೀಕನಿಂದ ವಸೂಲು ಮಾಡಲು ಬರುವ ಮಾರ್ಗವನ್ನು ಸರ್ವೋಚ್ಚ ನ್ಯಾಯಾಲಯ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಾಲೀಕನೆಂದರೆ ಟ್ರಸ್ಟು, ಹಣವೆಂದರೆ ಭಕ್ತರು ಹುಂಡಿಗೆ ಹಾಕಿದ್ದು. ಲಘು ವಾಹನದ ಲೈಸೆನ್ಸುಳ್ಳವನು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಓಡಿಸಬಹುದೆಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಟೆಂಪೋ ಟ್ರಾವೆಲರಿನ ಮಟ್ಟಿಗೆ ಇದರಿಂದ ಗೊಂದಲ ತಗ್ಗಿದೆ. ದೊಡ್ಡ ಬಸ್ಸಿಗೆ ಈ ಮಾತು ಅನ್ವಯಿಸದು.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿಗೆ ಪ್ರತಿ ವರ್ಷ ಮಸ್ತಕಾಭಿಷೇಕ ನಡೆಯುತ್ತದೆ. ಸಾಲಿಗ್ರಾಮದಿಂದ, ಮೈಸೂರಿನಿಂದ, ಸುತ್ತಲ ಊರುಗಳಿಂದ ಬಾಡಿಗೆ ಬಸ್ಸುಗಳಲ್ಲಿ, ಟೆಂಪೋಗಳಲ್ಲಿ, ಸ್ವಂತ ಕಾರುಗಳಲ್ಲಿ ಯಾತ್ರಿಕರು ಬರುತ್ತಾರೆ. ಊಟದ ವ್ಯವಸ್ಥೆಗೆ ಸಮಿತಿ, ಕಲಶದ ಸವಾಲಿಗೆ ಸಮಿತಿ, ಪೆಂಡಾಲಿಗೆ ಸಮಿತಿ. ಬಸ್ಸು ಗೊತ್ತುಮಾಡುವವನು ಮಾತ್ರ ಬಾಡಿಗೆಯನ್ನಷ್ಟೇ ಕೇಳಿ ಮುಂಗಡ ಕೊಟ್ಟು ಬರುತ್ತಾನೆ. ಚಾಲಕನ ಲೈಸೆನ್ಸು ಯಾವ ವರ್ಗದ್ದು, ಯಾವ ದಿನಾಂಕದವರೆಗೆ ಊರ್ಜಿತ, ವಾಹನದ ವಿಮೆ ಚಾಲ್ತಿಯಲ್ಲಿದೆಯೇ, ಹಿಂದಿನ ರಾತ್ರಿ ಅವನು ನಿದ್ದೆ ಮಾಡಿದ್ದಾನೆಯೇ ಎಂದು ವಿಚಾರಿಸಲು ಐದು ನಿಮಿಷ ಸಾಕು. ಮುಂದಿನ ಅಭಿಷೇಕಕ್ಕೆ ಬಸ್ಸು ಗೊತ್ತುಮಾಡುವ ಮೊದಲು ಆ ಐದು ನಿಮಿಷದ ಕೆಲಸವನ್ನು ಯಾರಿಗೆ ವಹಿಸಲಾಗಿದೆ ಎಂಬುದನ್ನು ಪ್ರತಿ ಟ್ರಸ್ಟೂ ತನ್ನ ನಡವಳಿ ಪುಸ್ತಕದಲ್ಲಿ ಬರೆದಿಡಲಿ.